ಪಾದೆಯಲ್ಲಿ ಎಂತ ಉಂಟು ಟೀಚರ್?

ಟೀಚರ್ ತೀರಿಕೊಂಡ ಮರುದಿನ ಪತ್ರಿಕೆಯಲ್ಲಿ ಅವರ ಸಣ್ಣದೊಂದು ಫೋಟೋ ಹಾಕಿ, ಕೆಳಗೆ ‘ನಿವೃತ್ತ ಶಿಕ್ಷಕಿ, ಪರಿಸರಪ್ರೇಮಿ’ ಎಂದು ಬರೆದಿದ್ದರು. ಓದಿ ನನಗೆ ಮೈಯೆಲ್ಲ ಉರಿಯಿತು. ನಿವೃತ್ತ ಶಿಕ್ಷಕಿ ಸರಿ, ಒಪ್ಪಿದೆ. ಪರಿಸರಪ್ರೇಮಿ ಅಂತೆ. ಬರೆದ ಪುಣ್ಯಾತ್ಮ ಒಂದೇ ಒಂದು ದಿನ ಅವರ ಹಿಂದೆ ಗುಡ್ಡ ಹತ್ತಿದ್ದರೆ ಆ ಶಬ್ದ ಅವನ ಪೆನ್ನಿಂದ ಬರುತ್ತಿರಲಿಲ್ಲ. ಪ್ರೀತಿ ಇರಲಿಲ್ಲ ಎಂದಲ್ಲ. ಆದರೆ ಅವರ ಪ್ರೀತಿ ಜೊತೆಯಲ್ಲಿದ್ದವರ ಜೀವ ಹಿಂಡುವ ಜಾತಿಯದ್ದು, ಅದನ್ನು ಎರಡು ಶಬ್ದದಲ್ಲಿ ಮುಗಿಸಲು ಆಗುವುದಿಲ್ಲ.

ಮೂಡುಬಿದಿರೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾವಿಬ್ಬರೂ ಬಹಳ ವರ್ಷ ಒಟ್ಟಿಗೆ ಇದ್ದೆವು. ಅವರು ಗಣಿತ, ನಾನು ಕನ್ನಡ. ಅವರು ಬಂಟ್ವಾಳ ತಾಲೂಕಿನವರು, ಪೊಳಲಿ ಕಡೆ ಹುಟ್ಟಿ ಬೆಳೆದವರು. ಗಿಡ್ಡ ಆಳು, ಕೈಯಲ್ಲಿ ಆಳಿಗಿಂತ ದೊಡ್ಡ ಕೊಡೆ. ಯೋಚನೆ ಮಾಡುವಾಗ ಹೆಬ್ಬೆರಳನ್ನೂ ತೋರುಬೆರಳನ್ನೂ ತಿಕ್ಕುತ್ತಿದ್ದರು, ಚಾಕ್ ಪುಡಿ ಉದುರಿಸುವ ಹಾಗೆ. ರಜೆಯಲ್ಲಿ, ಚಾಕ್ ಮುಟ್ಟದ ದಿನಗಳಲ್ಲೂ ಅದೇ. ಕ್ಲಾಸಿನಲ್ಲಿ ಮಕ್ಕಳು ಲೆಕ್ಕದ ಉತ್ತರ ಕೇಳಿದರೆ ಹೇಳುತ್ತಿರಲಿಲ್ಲ. “ಉತ್ತರ ಪುಸ್ತಕದ ಹಿಂದೆ ಉಂಟು, ಅದಕ್ಕೆ ನಾನು ಯಾಕೆ?” ಎಂದು ಬೋರ್ಡ್ ಒರೆಸಿ ಹೋಗುತ್ತಿದ್ದರು. ಮಕ್ಕಳಿಗೆ ಅವರನ್ನು ಕಂಡರೆ ಹೆದರಿಕೆ, ಮಕ್ಕಳ ಅಪ್ಪಂದಿರಿಗೆ ಇನ್ನೂ ಹೆದರಿಕೆ, ಯಾಕೆಂದರೆ ಅವರಿಗೂ ಇವರೇ ಕಲಿಸಿದ್ದು.

ಅವರ ಬಾಯಲ್ಲಿ ಸದಾ ಇದ್ದ ಮಾತು ಎರಡೇ ಶಬ್ದದ್ದು. “ಎಂತ ಇಲ್ಲ.” ತುಳುವಿನಲ್ಲಾದರೆ “ದಾಲ ಇಜ್ಜಿ.” ಇದು ಅವರದೊಬ್ಬರದೇ ಅಲ್ಲ ಬಿಡಿ, ನಮ್ಮ ಇಡೀ ಊರಿನದ್ದು. ಎಂತ ವಿಶೇಷ ಅಂತ ಕೇಳಿದರೆ, ಮಗಳ ಮದುವೆ ನಿಶ್ಚಯವಾದವನೂ ಮೊದಲು “ಎಂತ ಇಲ್ಲ” ಅನ್ನುತ್ತಾನೆ, ಆಮೇಲೆ ನಿಧಾನಕ್ಕೆ ಸುದ್ದಿ ಹೊರಡುತ್ತದೆ. ಮನೆಗೆ ಕರೆದು ಎಲೆ ತುಂಬ ಬಡಿಸಿದವಳು “ಊಟಕ್ಕೆ ಎಂತ ಇಲ್ಲ, ಬೇಜಾರು ಮಾಡ್ಬೇಡಿ” ಅನ್ನುತ್ತಾಳೆ. ನಾವು ಅದನ್ನು ಕೇಳಿಯೇ ಕೇಳಿಸಿಕೊಳ್ಳುವುದಿಲ್ಲ. ಉಂಟು ಎಂದು ಬಾಯಿಬಿಟ್ಟು ಹೇಳುವುದು ನಮಗೆ ಒಂಥರಾ ನಾಚಿಕೆಯ ವಿಷಯ. ಟೀಚರ್ ಮಾತ್ರ ಈ ಊರ ಮರ್ಯಾದೆಯನ್ನು ಬೀಗದ ಹಾಗೆ ಉಪಯೋಗಿಸುತ್ತಿದ್ದರು.

ಬೀಗ ಹಾಕಿದ್ದು ಒಂದು ಪಾದೆಗೆ. ಪಾದೆ ಎಂದರೆ ಬಂಡೆ, ಆದರೆ ಒಂದು ಬಂಡೆಯಲ್ಲ. ಗುಡ್ಡದ ಬೆನ್ನೇ ಕಲ್ಲಾಗಿ ಹರಡಿಕೊಂಡಿರುವ ಜಾಗ. ಶಿರ್ತಾಡಿಯಿಂದ ಬೆಳ್ತಂಗಡಿ ತಾಲೂಕಿನ ಗಡಿಯ ಕಡೆಗೆ ಒಳಗೆ ನಡೆದರೆ ಅಂಥದ್ದೊಂದು ಉಂಟು. ಅದರ ಹೆಸರು ಈಗ ಜಗತ್ತಿಗೇ ಗೊತ್ತು. ಆದರೂ ನಾನು ಬರೆಯುವುದಿಲ್ಲ. ಬರೆದರೆ ಅವರು ಎದ್ದು ಬಂದಾರು.

ಪ್ರತಿವರ್ಷ ಚೌತಿ ಕಳೆದು ಮಳೆ ಸ್ವಲ್ಪ ಬಿಟ್ಟ ಒಂದು ಭಾನುವಾರ ಅವರು ಅಲ್ಲಿಗೆ ಹೋಗುತ್ತಿದ್ದರು. ಜೊತೆಗೆ ಕರೆಯುತ್ತಿದ್ದದ್ದು ನನ್ನನ್ನು ಮಾತ್ರ. ನನ್ನ ಮೇಲೆ ಏನೋ ವಿಶೇಷ ವಿಶ್ವಾಸ ಎಂದು ನಾನು ಉಬ್ಬಿದ್ದೆ. ಒಮ್ಮೆ ಕಾರಣ ಕೇಳಿದಾಗ, “ನಿಮಗೆ ಫೋಟೋ ತೆಗೀಲಿಕ್ಕೆ ಬರುದಿಲ್ಲ ಮಾಷ್ಟ್ರೇ, ಅದಕ್ಕೆ” ಅಂದರು. ಅಲ್ಲಿಗೆ ಉಬ್ಬು ಇಳಿಯಿತು.

ನಾನು ಹೇಳಹೊರಟ ಭಾನುವಾರವೂ ಎಂದಿನ ಹಾಗೇ ಸುರುವಾಯಿತು. ಬೆಳಗಿನ ಬಸ್ಸಿನಲ್ಲಿ ಶಿರ್ತಾಡಿಗೆ ಹೋಗಿ, ಹೋಟೆಲಿನಲ್ಲಿ ಬನ್ಸ್ ತಿಂದು ಚಾ ಕುಡಿದು, ರಬ್ಬರ್ ತೋಟದ ನಡುವೆ ನಡೆದೆವು. ತೋಟ ಮುಗಿದ ಮೇಲೆ ಒಂದು ತೋಡು, ಮೊಣಕಾಲವರೆಗೆ ನೀರು. ದಾಟಿದರೆ ಕಾಡು, ರಕ್ತ ಹೀರುವ ಉಂಬಳ. ಅವರು ಸೆರಗು ಸಿಕ್ಕಿಸಿಕೊಂಡು, ಉಪ್ಪಿನ ಗಂಟನ್ನು ಕಾಲಿಗೆ ಒತ್ತಿಕೊಳ್ಳುತ್ತ ಮುಂದೆ. ನಾನು ಕುಣಿಯುತ್ತ ಹಿಂದೆ. ಕಾಡು ತೆಳುವಾದ ಹಾಗೆ ದೊಡ್ಡ ದೊಡ್ಡ ಗುಂಡುಕಲ್ಲುಗಳು ಸಿಗುತ್ತವೆ, ಮನೆಯಷ್ಟು ದೊಡ್ಡವು, ಒಂದಕ್ಕೊಂದು ಒರಗಿಕೊಂಡು ನಿಂತವು. ಅವುಗಳ ಸಂದಿಯಲ್ಲಿ ನುಸುಳಿ ಹೊರಬಂದರೆ ತಟ್ಟನೆ ಆಕಾಶ. ಕಾಲ ಕೆಳಗೆ ಕಪ್ಪು ಕಲ್ಲು, ಅದರ ಮೇಲೆ ಅಂಗೈಯಷ್ಟು ಮಣ್ಣು ನಿಂತಲ್ಲೆಲ್ಲ ಹೂ.

ಇಲ್ಲಿಗೆ ನನ್ನ ಕಷ್ಟ ಸುರು. ಗುಡ್ಡ ಹತ್ತುವವನಿಗೆ ತುದಿ ಮುಟ್ಟಬೇಕು ಅಂತ ಇರುತ್ತದಲ್ಲ, ನನಗೂ ಇತ್ತು. ತುದಿಯಿಂದ ಕುದುರೆಮುಖದ ಸಾಲು ಕಾಣುತ್ತದೆ ಎಂದು ಊರಿನವರು ಹೇಳುತ್ತಿದ್ದರು. ನಾನು ಅಷ್ಟು ವರ್ಷ ಹೋದರೂ ಕಂಡಿರಲಿಲ್ಲ. ಯಾಕೆಂದರೆ ಈ ಹೆಂಗಸು ನಡೆಯುತ್ತಿರಲಿಲ್ಲ, ನಿಲ್ಲುತ್ತಿದ್ದರು. ಹತ್ತು ಮಾರು ಹೋಗುವುದು, ಕುಕ್ಕರಗಾಲಲ್ಲಿ ಕೂರುವುದು. ಏನೋ ಒಂದು ಸಾಸಿವೆಯಷ್ಟು ಹೂವನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡುವುದು. ಹೋಗುವ ಟೀಚರ್ ಅಂದರೆ “ಹೋಗುವ, ಹೋಗುವ” ಅನ್ನುವುದು, ಕೂತಲ್ಲೇ ಇರುವುದು. ಹುಲ್ಲಿನ ಮೇಲೆ ನನ್ನ ಕಾಲು ಬಿತ್ತೋ, ಹಿಂದಕ್ಕೆ ತಿರುಗದೆಯೇ ಗೊತ್ತಾಗುತ್ತಿತ್ತು ಅವರಿಗೆ. “ಕಲ್ಲು ಇಷ್ಟು ಉಂಟಲ್ಲ ಮಾಷ್ಟ್ರೇ, ಕಾಲು ಅಲ್ಲಿಡಿ.”

ಸರಿ, ನೋಡುವುದೇ ಆದರೆ ಹೆಸರಾದರೂ ಹೇಳಬಾರದೇ? ಇದು ಯಾವ ಹೂ ಎಂದು ಕೇಳಿದರೆ “ಅದೊಂದು ಹೂ.” ಆಚೆಯದ್ದು? “ಅದು ಇನ್ನೊಂದು.” ಕೆಂಪು ಕೆಂಪಾಗಿ ಅಂಟು ಸುರಿಸುವ ಪುಟ್ಟ ಗಿಡದ ಮೇಲೆ ನುಸಿಯೊಂದು ಸಿಕ್ಕಿಬಿದ್ದು ಒದ್ದಾಡುತ್ತಿತ್ತು. ಇದು ಕೀಟ ತಿನ್ನುತ್ತದಾ ಎಂದೆ. “ನೀವು ಕೈ ಹಾಕ್ಬೇಡಿ, ನಿಮ್ಮನ್ನೂ ತಿಂದೀತು” ಅಂದರು. ನಗಲಿಲ್ಲ. ಹೈಸ್ಕೂಲು ಮಕ್ಕಳಿಗೆ ಉತ್ತರ ಹೇಳದವರು ನನಗೆ ಹೇಳುತ್ತಾರೆಯೇ?

ಪಾದೆಯ ನಡುವೆ ಒಂದು ತಗ್ಗು ಉಂಟು, ಮಳೆಗಾಲದಲ್ಲಿ ನೀರು ನಿಲ್ಲುವ ಸಣ್ಣ ಕೊಳ. ಅದರ ದಂಡೆಯುದ್ದಕ್ಕೂ ಒಂದು ನೀಲಿ ಹೂ ಬರುತ್ತದೆ. ಒಂದೊಂದು ಅಕ್ಕಿಕಾಳಿನಷ್ಟು. ಒಂದನ್ನು ನೋಡಿದರೆ ಏನೂ ಅನಿಸುವುದಿಲ್ಲ. ಎಲ್ಲ ಒಟ್ಟಿಗೆ ಅರಳಿದಾಗ ಆ ಕಲ್ಲಿಗೆ ಯಾರೋ ನೀಲಿ ಅಂಚಿನ ಸೀರೆ ಉಡಿಸಿದ ಹಾಗೆ. ಅಲ್ಲಿಗೆ ಬಂದಾಗ ಟೀಚರ್ ಕೊಡೆ ಬದಿಗಿಟ್ಟು ಕಲ್ಲಿನ ಮೇಲೆ ಬೋರಲು ಮಲಗಿಬಿಟ್ಟರು. ನಿವೃತ್ತಿ ಹತ್ತಿರ ಬಂದ ಹೆಂಗಸು, ಶಾಲೆಯಲ್ಲಿ ನಕ್ಕದ್ದನ್ನು ಯಾರೂ ಕಾಣದ ಹೆಂಗಸು, ಗಲ್ಲವನ್ನು ಕಲ್ಲಿಗೆ ಒತ್ತಿ, ಒಂದು ಕಣ್ಣು ಮುಚ್ಚಿ, ಹೂವಿನ ಎತ್ತರಕ್ಕೆ ತನ್ನನ್ನು ಇಳಿಸಿಕೊಂಡು ನೋಡುತ್ತಿದ್ದರು. ಎಷ್ಟು ಹೊತ್ತು ಎಂದರೆ ನನಗೆ ಆಕಳಿಕೆ ಬಂತು.

ಊಟಕ್ಕೆ ಅಲ್ಲೇ ಕೂತೆವು. “ತಿನ್ಲಿಕ್ಕೆ ಎಂತ ಇಲ್ಲ ಮಾಷ್ಟ್ರೇ” ಎನ್ನುತ್ತ ಡಬ್ಬಿ ತೆರೆದರು. ಅರಶಿನ ಎಲೆಯ ಗಟ್ಟಿ, ಪತ್ರೊಡೆ, ಬಾಳೆಹಣ್ಣು. ನಾನು ಸಿಟ್ಟಿನಲ್ಲಿಯೇ ತಿಂದೆ, ತಿಂದಷ್ಟೂ ಸಿಟ್ಟು ಸಡಿಲವಾಗುವುದನ್ನು ಕಂಡು ಇನ್ನೂ ಸಿಟ್ಟಾಯಿತು. ಇಷ್ಟು ಚಂದದ ಜಾಗ, ಮಕ್ಕಳನ್ನಾದರೂ ಕರೆದುಕೊಂಡು ಬರಬಾರದಾ ಎಂದು ಕೇಳಿಯೇಬಿಟ್ಟೆ. ಬೆರಳು ತಿಕ್ಕಿದರು. ಆಮೇಲೆ ಅವರ ತವರಿನ ಹತ್ತಿರದ ಒಂದು ಪದವಿನ ಕತೆ ಹೇಳಿದರು. ಪದವು ಎಂದರೆ ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ ಬಯಲು. ಅಲ್ಲೂ ಇದೇ ನೀಲಿ ಹೂ ಬರುತ್ತಿತ್ತಂತೆ. ಇವರು ಸಂತೋಷದಲ್ಲಿ ಒಬ್ಬ ಫೋಟೋದವನಿಗೆ ತೋರಿಸಿದರು. ಊರಿನ ಹೆಸರೂ ಹೇಳಿದರು, ಹೂವಿನ ಹೆಸರೂ ಹೇಳಿದರು. ಅವನು ಹಾಕಿದ ಫೋಟೋ ಎಲ್ಲರ ಮೊಬೈಲಿಗೆ ಹೋಯಿತು. ಮುಂದಿನ ವರ್ಷ ಕಾರುಗಳು ಬಂದವು, ಅದರ ಮುಂದಿನ ವರ್ಷ ಚುರುಮುರಿ ಗಾಡಿಯೂ ಬಂತು. ಜನ ಹೂವಿನ ಮೇಲೆ ಮಲಗಿ ಫೋಟೋ ತೆಗೆಸಿಕೊಂಡರು. ಈಗ ಅಲ್ಲಿ ಹೂವಿಲ್ಲ, ಕಲ್ಲಿನ ಮೇಲೆ ಪೈಂಟಿನಲ್ಲಿ ಬರೆದ ಹೆಸರುಗಳು ಉಂಟು.

“ಹೇಳಿದ್ದು ನಾನೇ ಅಲ್ವಾ,” ಅಂದರು. “ಇದೊಂದು ಉಳೀಲಿ.”

ಅಷ್ಟು ಹೇಳಿ ಡಬ್ಬಿ ಮುಚ್ಚುವಾಗ ಪಾದೆಯ ಆಚೆ ಬದಿಯಿಂದ ಜೀಪಿನ ಶಬ್ದ ಕೇಳಿತು. ಟೀಚರ್ ಮುಖ ಗಂಟಾಯಿತು. ಸ್ವಲ್ಪ ಹೊತ್ತಿನಲ್ಲಿ ನಾಲ್ಕೈದು ಜನ ಮೇಲೆ ಬಂದರು. ಅವರಲ್ಲೊಬ್ಬ ಮೂರು ಕಾಲಿನ ಸ್ಟ್ಯಾಂಡು ಹೊತ್ತಿದ್ದ. ಟೀಚರಿಗೆ ಅದು ಕ್ಯಾಮೆರಾದ ಸ್ಟ್ಯಾಂಡು. ನನಗೂ ಹಾಗೇ ಕಂಡಿತು, ಸುಳ್ಳು ಯಾಕೆ ಹೇಳಲಿ. ಮುಂದಿದ್ದವರು ನೋಡಲು ಸಾಹೇಬರ ಹಾಗಿದ್ದರು. ಮಾತು ಕೇಳಿದರೆ ಘಟ್ಟದ ಮೇಲಿನವರೆಂದು ಗೊತ್ತಾಗುತ್ತಿತ್ತು. ನಮಸ್ಕಾರ ಮೇಡಂ ಅಂದರು, ಬಹಳ ಮರ್ಯಾದಸ್ಥರು. ಇಲ್ಲಿ ಏನೇನಿದೆ, ನೋಡುವಂಥದ್ದು ಏನಾದರೂ ಇದೆಯಾ ಎಂದು ಕೇಳಿದರು.

“ಎಂತ ಇಲ್ಲ ಸರ್,” ಅಂದರು ಟೀಚರ್. “ಬರೀ ಪಾದೆ.”

ಜನ ಬರ್ತಾರಾ, ದೇವರು ದಿಂಡರು ಏನಾದರೂ ಇದೆಯಾ ಎಂದು ಅವರು ಮತ್ತೆ ಕೇಳಿದರು. ಯಾರೂ ಬರುವುದಿಲ್ಲ, ಏನೂ ಇಲ್ಲ, ಹುಲ್ಲು ಮಾತ್ರ, ದನವೂ ಬರುವುದಿಲ್ಲ ಎಂದು ಟೀಚರ್ ಇನ್ನಷ್ಟು ಗಟ್ಟಿ ಮಾಡಿದರು. ಕೊಳದ ದಂಡೆ ಕಾಣದ ಹಾಗೆ ಕೊಡೆ ಬಿಡಿಸಿ ಅಡ್ಡ ಬೇರೆ ಹಿಡಿದರು, ಬಿಸಿಲಿಲ್ಲ, ಮಳೆಯಿಲ್ಲ. ಆ ಸಾಹೇಬರು ಥ್ಯಾಂಕ್ಸ್ ಹೇಳಿ, ತಮ್ಮವರ ಕಡೆ ತಿರುಗಿ, ಸ್ಥಳೀಯರೇ ಹೇಳ್ತಿದ್ದಾರೆ, ಇಲ್ಲಿ ಏನೂ ಇಲ್ಲವಂತೆ ಅಂದರು. ಸ್ಟ್ಯಾಂಡಿನವನು ತಲೆಯಾಡಿಸಿದ. ಅವರು ಹೋದ ಮೇಲೆ ಟೀಚರ್ ಗೆದ್ದವರ ಹಾಗೆ ನನ್ನನ್ನು ನೋಡಿದರು.

ಸಂಜೆ ಶಿರ್ತಾಡಿಯ ಹೋಟೆಲಿನಲ್ಲಿ ಚಾ ಕುಡಿಯುವಾಗ ಹೋಟೆಲಿನವರು ನಮ್ಮನ್ನು ಕೇಳಿದರು, ಕೋರೆಯ ಸರ್ವೆಯವರು ಮೇಲೆ ಸಿಕ್ಕಿದರಾ ಎಂದು. ಯಾವ ಕೋರೆ ಎಂದೆ. ಆ ಪಾದೆ ಕಲ್ಲು ಒಡೆಯುವ ಕೋರೆಗೆ ಹೋಗುತ್ತದಂತೆ, ಬದಿಯಲ್ಲೇ ಜಲ್ಲಿ ಕ್ರಷರ್ ಬರುತ್ತದಂತೆ, ಇಡೀ ಊರಿಗೆ ಗೊತ್ತು, ನಿಮಗೆ ಗೊತ್ತಿಲ್ಲವಾ ಅಂದರು. ಟೀಚರ್ ಗ್ಲಾಸು ಕೆಳಗಿಟ್ಟರು. ಚಾ ಹಾಗೇ ಉಳಿಯಿತು. ಮೂಡುಬಿದಿರೆಯಲ್ಲಿ ಬಸ್ಸಿಳಿಯುವಾಗ ಕೊಡೆ ಸೀಟಿನಲ್ಲೇ ಬಿಟ್ಟಿದ್ದರು, ನಾನು ತೆಗೆದುಕೊಟ್ಟೆ.

ಆಮೇಲಿನ ತಿಂಗಳುಗಳಲ್ಲಿ ನಾನು ಅವರೊಂದಿಗೆ ಆಡಿದಷ್ಟು ಜಗಳ ಹೆಂಡತಿಯೊಂದಿಗೂ ಆಡಿಲ್ಲ. ಹೋಗಿ ಆ ಸಾಹೇಬರಿಗೆ ಹೇಳಿ ಟೀಚರ್, ಅಲ್ಲಿ ಇಂಥಿಂಥದ್ದು ಉಂಟು ಅಂತ ಹೇಳಿ, ಹೂವಿನ ಹೆಸರು ಗೊತ್ತಿರುವುದು ನಿಮಗೊಬ್ಬರಿಗೆ ಎಂದು ನಾನು. ಉಂಟು ಅಂದರೆ ಎಂತ ಉಂಟು ಅಂತ ಕೇಳ್ತಾರೆ, ಎಂತ ಅಂದರೆ ಎಲ್ಲಿ ಅಂತ ಕೇಳ್ತಾರೆ, ಪೇಪರಿಗೆ ಬರ್ತದೆ, ಮೊಬೈಲಿಗೆ ಬರ್ತದೆ ಎಂದು ಅವರು. ಬಾರದಿದ್ದರೆ ಕಲ್ಲೇ ಇರುವುದಿಲ್ಲವಲ್ಲ ಮಾರಾಯ್ರೆ ಎಂದರೆ ಬೆರಳು ತಿಕ್ಕುವುದು. ಸ್ಟಾಫ್ ರೂಮಿನಲ್ಲಿ ನಾನು ಮೇಜು ಗುದ್ದಿದ್ದೂ ಉಂಟು. ಆ ಮೊಂಡುತನಕ್ಕೆ ಏನು ಮಾಡುವುದು?

ಕೊನೆಗೆ ಕೋರೆಯ ವಿಷಯಕ್ಕೆ ಪಂಚಾಯತಿನ ಹಾಲಿನಲ್ಲಿ ಸಭೆ ಕರೆದರು. ಊರಿನವರು ತುಂಬಿದ್ದರು. ನಾವಿಬ್ಬರೂ ಹಿಂದಿನ ಸಾಲಿನಲ್ಲಿ. ಕ್ರಷರಿನ ಧೂಳು, ಲಾರಿ, ಬಾವಿಯ ನೀರು ಅಂತ ಕೆಲವರು ಮಾತಾಡಿದರು. ಒಬ್ಬರು ಎದ್ದು, ಅಲ್ಲಿ ಒಳ್ಳೊಳ್ಳೆ ಹೂಗಿಡಗಳೂ ಉಂಟು ಅಂದರು. ಅದೇ ಮರ್ಯಾದಸ್ಥ ಸಾಹೇಬರು ವೇದಿಕೆಯಿಂದ ಕಣ್ಣು ಸಣ್ಣ ಮಾಡಿ ನೋಡಿ, ಹಿಂದೆ ಕೂತಿದ್ದಾರಲ್ಲ ಆ ಮೇಡಂ, ಅವರೇ ಏನೂ ಇಲ್ಲ ಅಂದಿದ್ದರು ಎಂದುಬಿಟ್ಟರು. ಇಡೀ ಹಾಲು ಹಿಂದೆ ತಿರುಗಿತು. ನಾವು ದಾಟಿಹೋಗುತ್ತಿದ್ದ ರಬ್ಬರ್ ತೋಟದ ಅಜ್ಜ ಮುಂದಿನ ಸಾಲಿನಿಂದ ಎದ್ದು ಕೈಮುಗಿದರು. “ಸರ್, ನಮ್ಮಲ್ಲಿ ಎಂತ ಇಲ್ಲ ಅಂದ್ರೆ ಎಂತ ಇಲ್ಲ ಅಂತ ಅರ್ಥ ಅಲ್ಲ.”

ಜನ ಬಿದ್ದು ಬಿದ್ದು ನಕ್ಕರು. ಸಾಹೇಬರೂ ನಕ್ಕರು, ಪಾಪ, ಅರ್ಥವಾಗದೆ. ಹಾಗಾದರೆ ಏನಿದೆ ಎಂದು ಮೇಡಂ ಈಗ ಹೇಳಲಿ ಅಂದರು.

ಟೀಚರ್ ಎದ್ದರು. ಮೊದಲು ಹಾಲಿನ ಸುತ್ತ ಕಣ್ಣು ಹಾಯಿಸಿದರು. ಆಗಲೇ ಅಲ್ಲಲ್ಲಿ ಮೊಬೈಲುಗಳು ಮೇಲೆದ್ದಿದ್ದವು. ಅವರು ಅದನ್ನು ನೋಡಿದರು, ನೋಡಿದ್ದನ್ನು ನಾನು ನೋಡಿದೆ. ಕೂತುಬಿಡುತ್ತಾರೆ ಎಂದುಕೊಂಡೆ. ಕೂರಲಿಲ್ಲ. ಕ್ಲಾಸಿನಲ್ಲಿ ನೋಟ್ಸ್ ಬರೆಸುವ ಧ್ವನಿಯಲ್ಲಿ, ನಿಧಾನವಾಗಿ, ಗ್ರಂಥದ ಕನ್ನಡದಲ್ಲಿ ಸುರುಮಾಡಿದರು. ತೋಡು ದಾಟಿದ ಕೂಡಲೇ ಎಡಬದಿಗೆ ನೆಕ್ಕರಿಕದ ಗಿಡ. ಗುಂಡುಕಲ್ಲಿನ ಸಂದಿಯಲ್ಲಿ ಕರ್ಣಕುಂಡಲ, ಅದರಲ್ಲಿ ಎರಡು ಬಗೆ. ಬೇಲಿಯಂಥ ಪೊದೆಯಲ್ಲಿ ಗೌರಿ ಹೂ. ಇಳಿಜಾರಿನಲ್ಲಿ ಬಿಳಿ ಗುಂಡಿಯ ಹಾಗಿನ ಹುಲ್ಲುಹೂ, ಅದರ ಪಕ್ಕ ಕೀಟ ಹಿಡಿಯುವ ಕೆಂಪು ಗಿಡ. ಊರಿನ ಹೆಸರು ಹೇಳಿದರು, ಶಾಸ್ತ್ರದ ಹೆಸರು ಹೇಳಿದರು, ಯಾವ ತಿಂಗಳು, ಯಾವ ಕಲ್ಲಿನ ನೆರಳು, ಎಲ್ಲ ಹೇಳಿದರು. ನಾನು ವರ್ಷಗಟ್ಟಲೆ ಬೇಡಿದ ಹೆಸರುಗಳು ಒಂದಾದ ಮೇಲೊಂದು, ಯಾರ್ಯಾರದೋ ಮೊಬೈಲಿನೊಳಗೆ ಬೀಳುತ್ತಿದ್ದವು. ನನಗೆ ಅಳು ಬರುವ ಹಾಗಾಯಿತು, ಸಂತೋಷಕ್ಕಲ್ಲ. ಕೊನೆಗೆ ನೀಲಿ ಹೂವಿಗೆ ಬಂದಾಗ ಧ್ವನಿ ಸ್ವಲ್ಪ ತಗ್ಗಿತು. ಪಾದೆಯ ನಡುವಿನ ಕೊಳದ ದಂಡೆಯಲ್ಲಿ ಎಂದು ಅದನ್ನೂ ಹೇಳಿ ಕೂತರು.

ಕೋರೆಯವರು ಆ ಪಾದೆಯನ್ನು ಬಿಟ್ಟರು. ಇವರ ಮಾತಿಗೋ, ಲಾರಿಗೆ ದಾರಿ ಕೊಡುವುದಿಲ್ಲ ಎಂದು ರಬ್ಬರ್ ಅಜ್ಜ ಹಟ ಹಿಡಿದದ್ದಕ್ಕೋ ನನಗೆ ಗೊತ್ತಿಲ್ಲ. ಅಂತೂ ಕಲ್ಲು ಉಳಿಯಿತು. ಮುಂದಿನ ಮಳೆಗಾಲ ಜನ ಬಂದರು. ಮಂಗಳೂರಿನಿಂದ, ಉಡುಪಿಯಿಂದ, ಬೈಕುಗಳ ಸಾಲು. ಟೀಚರ್ ಹೇಳಿದ ದಾರಿ ಹಿಡಿದೇ ಬಂದರು. ಎಡಬದಿ, ಗುಂಡುಕಲ್ಲು, ಇಳಿಜಾರು, ಕೊಳ.

ಅಷ್ಟರಲ್ಲಿ ಅವರಿಗೆ ನಿವೃತ್ತಿಯಾಗಿತ್ತು. ಪ್ರತಿ ಭಾನುವಾರ ಬೆಳಗ್ಗೆ ಹೋಗಿ ಗುಂಡುಕಲ್ಲುಗಳ ಸಂದಿಯ ಬಾಯಲ್ಲಿ, ಅಜ್ಜನ ಮನೆಯಿಂದ ತರಿಸಿದ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ಬಂದವರನ್ನೆಲ್ಲ ನಿಲ್ಲಿಸಿ ಬೈಯುವುದು. ಬಾಟ್ಲಿ ಇಲ್ಲಿಡಿ, ಕಲ್ಲಿನ ಮೇಲೆ ನಡೀರಿ, ಹೂವಿನ ಮೇಲೆ ಮಲಗಿದರೆ ಕೊಡೆಯಲ್ಲಿ ಹೊಡೀತೇನೆ. ಹುಡುಗರು ಅವರ ವಿಡಿಯೋ ಮಾಡಿ ಹಾಕಿದರು, ಅದನ್ನು ನೋಡಿ ಇನ್ನಷ್ಟು ಜನ ಬಂದರು. ಬೆಳಗಿನಿಂದ ಸಂಜೆವರೆಗೆ ಪಾದೆಗೆ ಬೆನ್ನು ಹಾಕಿ, ಜನರ ಕಾಲು ನೋಡುತ್ತ ಕೂತರು. ಒಂದು ಮಳೆಗಾಲವಲ್ಲ, ಸಾಯುವವರೆಗೆ. ಒಮ್ಮೆಯೂ ಮೇಲೆ ಹೋಗಲಿಲ್ಲ.

ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ. ಒಂದು ಗಳಿಗೆ ಹೋಗಿ ಬನ್ನಿ ಟೀಚರ್, ನಾನು ಕೂರ್ತೇನೆ ಎಂದು ಎಷ್ಟು ಸಲ ಹೇಳಿದ್ದೇನೋ. ನಿಮ್ಮದು ಮೆತ್ತಗಿನ ಬಾಯಿ, ನೀವು ಕೂತರೆ ಆನೆಯನ್ನೂ ಬಿಡ್ತೀರಿ ಅನ್ನುತ್ತಿದ್ದರು. ಹೋದ ವರ್ಷ, ಅದೇ ಅವರ ಕೊನೆಯ ಮಳೆಗಾಲ, ನನಗೆ ರೇಗಿಹೋಯಿತು. ಮಂಡಿ ನೋವಾದರೆ ಹೊತ್ತುಕೊಂಡು ಹೋಗ್ತೇನೆ, ಆ ನೀಲಿ ಹೂವಿಗಾಗಿ ಅಲ್ಲವೇ ಇಷ್ಟೆಲ್ಲ, ಅದನ್ನೇ ನೋಡದೆ ಇಲ್ಲಿ ಕೂತು ಎಂತ ಸಾಧನೆ ಎಂದು ಕೂಗಿಯೇಬಿಟ್ಟೆ. ಬಂದಿದ್ದ ನಾಲ್ಕು ಜನ ನಿಂತು ನೋಡಿದರು.

ಟೀಚರ್ ಸಿಟ್ಟಾಗಲಿಲ್ಲ. “ಮೇಲೆ ಹೋದ್ರೆ ಯಾವುದು ಇಲ್ಲ ಅಂತ ಗೊತ್ತಾಗ್ತದೆ ಮಾಷ್ಟ್ರೇ,” ಅಂದರು. “ಇಲ್ಲಿ ಕೂತ್ರೆ ಎಲ್ಲ ಉಂಟು.”

ನಾನು ಸಿಟ್ಟಿನಲ್ಲಿಯೇ ಒಬ್ಬನೇ ಮೇಲೆ ಹೋದೆ. ತುದಿಯವರೆಗೂ ಹೋದೆ, ಯಾರೂ ತಡೆಯುವವರಿಲ್ಲ. ಕುದುರೆಮುಖದ ಕಡೆ ಮೋಡ ಮುಚ್ಚಿತ್ತು, ಏನೂ ಕಾಣಲಿಲ್ಲ. ಇಳಿಯುವಾಗ ಕೊಳದ ಹತ್ತಿರ ನಿಂತೆ. ಇಳಿಜಾರಿನ ಬಿಳಿ ಹೂ ಇತ್ತು, ಕೆಂಪು ಗಿಡವೂ ಅಲ್ಲಲ್ಲಿ ಇತ್ತು. ಕೊಳದ ದಂಡೆ ಮಾತ್ರ ಮನೆಯಂಗಳದ ಹಾಗೆ ಗಟ್ಟಿಯಾಗಿತ್ತು, ಮೆಟ್ಟಿ ಮೆಟ್ಟಿ. ನಾನು ಬೋರಲು ಮಲಗಿ, ಗಲ್ಲವನ್ನು ಕಲ್ಲಿಗೆ ಒತ್ತಿ ಹುಡುಕಿದೆ. ದಂಡೆಯ ಈ ತುದಿಯಿಂದ ಆ ತುದಿವರೆಗೆ ತೆವಳಿದೆ. ಒಂದೂ ಸಿಗಲಿಲ್ಲ.

ಕೆಳಗೆ ಬಂದಾಗ ಟೀಚರ್ ಯಾರದೋ ಕೈಯಿಂದ ಬಾಟ್ಲಿ ಕಿತ್ತುಕೊಳ್ಳುತ್ತಿದ್ದರು. ನನ್ನ ಅಂಗಿಗೆ ಮೆತ್ತಿದ ಕೆಸರನ್ನು ನೋಡಿದರು. ಮುಖ ನೋಡಲಿಲ್ಲ. ಕೇಳುವ ಮೊದಲು ಬೆರಳು ತಿಕ್ಕಿದರು.

“ನೀಲಿ?”

“ಉಂಟು ಟೀಚರ್,” ಅಂದೆ. “ದಂಡೆ ತುಂಬ ಉಂಟು.”